ಗೊರಕೆ ನಿಂತಾಗ ಕಿವಿಗೊಡಿ

ಗೊರಕೆ ಹೊಡೆಯುವವರ ಪಕ್ಕದಲ್ಲಿ ಮಲಗುವ ಎಲ್ಲರಿಗೂ ಈ ಮನವಿ: ಹೆಂಡತಿಗೆ, ಗಂಡನಿಗೆ, ಹಾಸ್ಟೆಲಿನ ರೂಂಮೇಟಿಗೆ, ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಡ್ರೈವರ್ ಪಕ್ಕ ಚಾಪೆ ಹಾಸುವ ಕಂಡಕ್ಟರಿಗೆ, ಲಾರಿಯ ಕ್ಲೀನರಿಗೆ. ಗೊರಕೆಯ ಸದ್ದು ನಿಮಗೆ ಅಭ್ಯಾಸವಾಗಿ ಹೋಗಿರುತ್ತದೆ. ಅದು ಇದ್ದಕ್ಕಿದ್ದಂತೆ ನಿಲ್ಲುತ್ತದಲ್ಲ, ಆಗ ಕಿವಿಗೊಡಿ. ಎದೆ, ಹೊಟ್ಟೆ ಏರಿಳಿಯುತ್ತಲೇ ಇರುತ್ತವೆ; ಮೂಗು ಬಾಯಿಗಳಲ್ಲಿ ಗಾಳಿ ಮಾತ್ರ ಆಡುವುದಿಲ್ಲ. ಹತ್ತು ಸೆಕೆಂಡು, ಇಪ್ಪತ್ತು, ಕೆಲವರಲ್ಲಿ ನಿಮಿಷದ ಹತ್ತಿರ. ಆಮೇಲೆ ಒಂದು ದೊಡ್ಡ ಗುಟುರು, ಮಗ್ಗುಲು ಹೊರಳುವುದು, ಮತ್ತೆ ಗೊರಕೆ. ‘ಅಬ್ಬ, ಸದ್ಯ ನಿಂತಿತು’ ಎಂದು ನೀವು ಸಮಾಧಾನಪಟ್ಟುಕೊಂಡ ಗಳಿಗೆಯಲ್ಲೇ ಅವರಿಗೆ ಉಸಿರು ಕಟ್ಟಿರುತ್ತದೆ.

ಇದು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ. ಕೆಳಗಿನ ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳ ಆಸರೆಯಿದೆ. ಮೂಗಿನ ಹಿಂಬದಿಯಿಂದ ಧ್ವನಿಪೆಟ್ಟಿಗೆಯವರೆಗಿನ ಗಂಟಲಿಗೆ ಅಂಥ ಆಸರೆಯಿಲ್ಲ, ಅದನ್ನು ತೆರೆದಿಡುವ ಹೊಣೆಯೆಲ್ಲ ಸ್ನಾಯುಗಳದ್ದು. ಎಚ್ಚರವಿರುವಾಗ ಮಿದುಳು ಅವನ್ನು ಬಿಗಿಯಾಗಿಟ್ಟಿರುತ್ತದೆ. ನಿದ್ದೆ ಹತ್ತಿದೊಡನೆ ಬಿಗಿ ಸಡಿಲುತ್ತದೆ, ಕನಸು ಬೀಳುವ ನಿದ್ದೆಯಲ್ಲಂತೂ ಇನ್ನಷ್ಟು. ಅಂಗಾತ ಮಲಗಿದರೆ ನಾಲಗೆಯ ಬುಡ ಹಿಂದಕ್ಕೆ ಜಾರುತ್ತದೆ, ಮೆದು ಅಂಗುಳ ಜೋಲುತ್ತದೆ, ಗಂಟಲಿನ ಪಕ್ಕದ ಗೋಡೆಗಳು ಒಳಬಾಗುತ್ತವೆ. ಪರಂಗಿ ಎಲೆಯ ದಂಟಿನಲ್ಲಿ ಎಳನೀರು ಹೀರಿದವರಿಗೆ ಗೊತ್ತು, ದಂಟು ಬಾಡಿದ್ದರೆ ಜೋರಾಗಿ ಹೀರಿದಷ್ಟೂ ಒಳಗೆ ಕುಸಿದು ಅಂಟಿಕೊಳ್ಳುತ್ತದೆ. ಗಂಟಲೂ ಹಾಗೆಯೇ. ಉಸಿರೆಳೆಯುವ ಪ್ರಯತ್ನವೇ ಉಸಿರಿನ ದಾರಿಯನ್ನು ಮುಚ್ಚುತ್ತದೆ.

ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಬೆಚ್ಚಿ ಕೆಲವು ಸೆಕೆಂಡು ಎಚ್ಚೆತ್ತು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ, ದಾರಿ ತೆರೆಯುತ್ತದೆ. ಹೀಗೆ ಉಸಿರು ನಿಲ್ಲುವುದು ಅಥವಾ ತೀರ ಕುಗ್ಗುವುದು ಗಂಟೆಗೆ 5 ಸಲ ದಾಟಿದರೆ ವೈದ್ಯರು ಕಾಯಿಲೆ ಎಂದು ಎಣಿಸುತ್ತಾರೆ. 30 ಮುಟ್ಟಿದರೆ ತೀವ್ರ. ಅಂದರೆ ಎರಡು ನಿಮಿಷಕ್ಕೊಮ್ಮೆ ಕತ್ತು ಹಿಸುಕಿಸಿಕೊಂಡು ಎದ್ದಂತೆ, ಇಡೀ ರಾತ್ರಿ. ಪ್ರತಿ ಸಲವೂ ರಕ್ತದೊತ್ತಡ ಜಿಗಿಯುತ್ತದೆ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಹತೋಟಿಗೆ ಬಾರದ ಎಷ್ಟೋ ಜನರಲ್ಲಿ ಬೇರು ಇಲ್ಲೇ ಇರುತ್ತದೆ. ಹೃದಯದ ತಾಳ ತಪ್ಪುವುದಕ್ಕೂ ಪಾರ್ಶ್ವವಾಯುವಿಗೂ ಇದಕ್ಕೂ ನಂಟಿದೆ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವವರು ಸಕ್ಕರೆ ಕಾಯಿಲೆಯೋ ಪ್ರಾಸ್ಟೇಟೋ ಎಂದು ಅಲೆಯುತ್ತಾರೆ, ಗಂಟಲನ್ನು ಯಾರೂ ಅನುಮಾನಿಸುವುದಿಲ್ಲ.

ವಿಚಿತ್ರವೆಂದರೆ ಬೆಳಗ್ಗೆ ಇದರಲ್ಲಿ ಒಂದೂ ಅವರಿಗೆ ನೆನಪಿರುವುದಿಲ್ಲ. ‘ಚೆನ್ನಾಗಿ ನಿದ್ದೆ ಮಾಡ್ತೀನಿ ಡಾಕ್ಟ್ರೇ, ದಿಂಬಿಗೆ ತಲೆ ಕೊಟ್ರೆ ಸಾಕು’ ಎನ್ನುತ್ತಾರೆ. ಸುಳ್ಳಲ್ಲ, ಅವರಿಗೆ ತಿಳಿದಿರುವುದೇ ಅಷ್ಟು. ನಡೆದದ್ದನ್ನು ಕಂಡವರು ನೀವು. ಆದರೆ ನಮ್ಮಲ್ಲಿ ಗೊರಕೆ ಎಂದರೆ ಕುಂಭಕರ್ಣನ ಜೋಕು, ಇಲ್ಲವೇ ‘ಪುಣ್ಯವಂತ, ಸುಖನಿದ್ದೆ’ ಎಂಬ ಸರ್ಟಿಫಿಕೇಟು. ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟ ಬಪ್ಪಿ ಲಾಹಿರಿ 2022ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ್ದು ಇದೇ ಕಾಯಿಲೆಯ ಹೆಸರನ್ನು. ನಾಲ್ಕು ದಿನ ಸುದ್ದಿಯಾಯಿತು, ಮರೆತೆವು.

ದಪ್ಪಗಿರುವವರಿಗಷ್ಟೇ ಬರುತ್ತದೆ ಎಂದುಕೊಳ್ಳಬೇಡಿ. ಕೆಳದವಡೆ ಸಣ್ಣದಾಗಿ ಹಿಂದೆ ಸರಿದಿದ್ದರೆ ತೆಳ್ಳಗಿನವರ ಗಂಟಲೂ ಕುಸಿಯುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೆಚ್ಚುತ್ತದೆ, ಅವರ ಆಯಾಸವನ್ನು ‘ವಯಸ್ಸಾಯ್ತು’ ಎಂದು ತಳ್ಳಿಹಾಕುವುದೂ ಹೆಚ್ಚು. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ, ಪಾಠದಲ್ಲಿ ಮನಸ್ಸು ನಿಲ್ಲದ ಮಗುವಿಗೆ ಬೈಯುವ ಮೊದಲು ಟಾನ್ಸಿಲ್, ಅಡಿನಾಯ್ಡ್ ತೋರಿಸಿ.

ನಿಮ್ಮಿಂದಾಗಬೇಕಾದ ಕೆಲಸ ದೊಡ್ಡದೇನಲ್ಲ. ಎದೆ ಮತ್ತು ಮುಖ ಎರಡೂ ಕಾಣುವಂತೆ ಮೊಬೈಲಿನಲ್ಲಿ ಕೆಲವು ನಿಮಿಷ ವಿಡಿಯೊ ಮಾಡಿ. ವಾಟ್ಸಾಪ್ ಗುಂಪಿನಲ್ಲಿ ನಗಲು ಹಂಚಬೇಡಿ, ಅವರಿಗೇ ತೋರಿಸಿ, ಕಿವಿ-ಮೂಗು-ಗಂಟಲಿನ ಅಥವಾ ಶ್ವಾಸಕೋಶದ ವೈದ್ಯರಿಗೆ ತೋರಿಸಿ. ಖಚಿತಪಡಿಸುವುದು ನಿದ್ರಾ ಪರೀಕ್ಷೆ. ಕೆಲವರಿಗೆ ಅದನ್ನು ಮನೆಯಲ್ಲೇ ಮಾಡಬಹುದು. ಅಲ್ಲಿಯವರೆಗೆ ಮಗ್ಗುಲಾಗಿ ಮಲಗಿಸಿ. ರಾತ್ರಿಯ ಮದ್ಯ ಮತ್ತು ಕೇಳಿ ತಿಳಿಯದೆ ನುಂಗುವ ನಿದ್ದೆಮಾತ್ರೆ, ಎರಡೂ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ. ಯಾವುದೇ ಆಪರೇಷನ್ನಿಗೆ ಮುಂಚೆ ಅರಿವಳಿಕೆ ವೈದ್ಯರಿಗೆ ಈ ವಿಷಯ ಹೇಳಲೇಬೇಕು.

ಚಿಕಿತ್ಸೆಯಿದೆ. ಹಿಂದೆ ತೀವ್ರ ರೋಗಿಗಳಿಗೆ ಕತ್ತಿನಲ್ಲಿ ರಂಧ್ರ ಕೊರೆಯುತ್ತಿದ್ದರು. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲನ್ನು ಒಳಗಿನಿಂದಲೇ ತೆರೆದಿಡುವ ವಿಧಾನವನ್ನು 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದಿನ ಸಿಪ್ಯಾಪ್ ಯಂತ್ರ ಅದೇ. ಅಗ್ಗವಲ್ಲ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮಲಗುವುದು ಮೊದಮೊದಲು ಹಿಂಸೆಯೂ ಹೌದು, ಹಾಕಿಕೊಂಡ ರಾತ್ರಿ ಮಾತ್ರ ಕೆಲಸ ಮಾಡುತ್ತದೆ. ಆದರೂ ಕೆಲಸ ಮಾಡುತ್ತದೆ.

ಇನ್ನೊಂದು ಮನವಿ ಸಾರಿಗೆ ನಿಗಮಗಳಿಗೆ, ಲಾರಿ ಮಾಲೀಕರಿಗೆ, ಕಾರ್ಮಿಕ ಸಂಘಗಳಿಗೆ. ಹೀಗೆ ಮುರಿದ ನಿದ್ದೆ ಎಚ್ಚರವಿರಬೇಕಾದ ಹೊತ್ತಿನಲ್ಲಿ ತೂಕಡಿಕೆಯಾಗಿ ಮರಳುತ್ತದೆ, ಸ್ಟೀರಿಂಗ್ ಹಿಡಿದಾಗಲೂ. 2013ರ ಡಿಸೆಂಬರ್ 1ರ ಬೆಳಗ್ಗೆ ನ್ಯೂಯಾರ್ಕ್‌ನಲ್ಲಿ ಗಂಟೆಗೆ 48 ಕಿ.ಮೀ. ಮಿತಿಯಿದ್ದ ತಿರುವಿಗೆ ಒಂದು ರೈಲು 132 ಕಿ.ಮೀ. ವೇಗದಲ್ಲಿ ನುಗ್ಗಿ ಹಳಿ ತಪ್ಪಿತು, ನಾಲ್ವರು ಸತ್ತರು. ತೂಕಡಿಸಿದ್ದ ಚಾಲಕನಿಗೆ ತೀವ್ರ ಅಪ್ನಿಯಾ ಇದ್ದದ್ದು ಗೊತ್ತಾದದ್ದು ಅಪಘಾತದ ನಂತರ. ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ರಾತ್ರಿಯಿಡೀ ಸ್ಲೀಪರ್ ಬಸ್ಸುಗಳು ಓಡುತ್ತವೆ. ಹಿಂದೆ ಮಲಗಿದವರ ಜೀವ ಮುಂದೆ ಕೂತವರು ಹಗಲು ಪಡೆದ ನಿದ್ದೆಯ ಮೇಲಿದೆ. ಪರವಾನಗಿಯ ವೈದ್ಯಕೀಯ ಪ್ರಮಾಣಪತ್ರ ಕಣ್ಣು, ಕಿವಿ, ಮೂರ್ಛೆರೋಗಗಳನ್ನು ಕೇಳುತ್ತದೆ, ಗೊರಕೆಯನ್ನು ಕೇಳುವುದಿಲ್ಲ. ನಿಮ್ಮ ವಾರ್ಷಿಕ ತಪಾಸಣೆಯಲ್ಲಾದರೂ ಕೇಳಿ. ಕತ್ತಿನ ಸುತ್ತಳತೆ ನೋಡಿ, ಬಿಪಿ ನೋಡಿ, ಜತೆಗೆ ಮಲಗುವ ಸಹೋದ್ಯೋಗಿಯನ್ನು ವಿಚಾರಿಸಿ. ಅನುಮಾನ ಬಂದವರ ಪರೀಕ್ಷೆಯ, ಯಂತ್ರದ ಖರ್ಚು ಸಂಸ್ಥೆಯೇ ಹೊರಲಿ. ಹೇಳಿಕೊಂಡರೆ ಸ್ಟೀರಿಂಗ್ ಕೈತಪ್ಪುತ್ತದೆ ಎಂಬ ಭಯವಿರುವವರೆಗೆ ಯಾವ ಡ್ರೈವರೂ ಬಾಯಿ ಬಿಡುವುದಿಲ್ಲ. ಬ್ರಿಟನ್ನಿನಲ್ಲಿ ಈ ಕಾಯಿಲೆಯಿಂದ ಹಗಲು ತೂಕಡಿಸುವ ಚಾಲಕ ಅದನ್ನು ಪರವಾನಗಿ ಇಲಾಖೆಗೆ ತಿಳಿಸಬೇಕು. ಚಿಕಿತ್ಸೆಯಿಂದ ತೂಕಡಿಕೆ ಹತೋಟಿಗೆ ಬಂದ ಮೇಲೆ ಬಸ್ಸು, ಲಾರಿ ಓಡಿಸುವವರೂ ಮತ್ತೆ ಕೆಲಸಕ್ಕೆ ಮರಳಬಹುದು. ಆ ಭರವಸೆಯನ್ನು ನಮ್ಮ ಡ್ರೈವರುಗಳಿಗೂ ಬರಹದಲ್ಲಿ ಕೊಡಿ.