ಕೈ ಹಾಕುವ ಮುನ್ನ ಕೇಳಿ



ಕಲಬುರಗಿಯಲ್ಲಿ ನಾವು ಏಳೆಂಟು ಹೆಂಗಸರು ಪ್ರತಿ ಶನಿವಾರ ಸೇರಿ ರಟ್ಟು, ಬೆಂಕಿಕಡ್ಡಿ, ಮೈದಾ ಅಂಟಿನಿಂದ ಕಟ್ಟಡಗಳ ಮಾದರಿ ಮಾಡುತ್ತೇವೆ. ಈ ಸಲ ನಮ್ಮೂರ ಕೋಟೆಯೊಳಗಿನ 1367ರ ಜಾಮಿ ಮಸೀದಿ. ಅದಕ್ಕೆ ತೆರೆದ ಅಂಗಳವಿಲ್ಲ, ಛಾವಣಿಯ ತುಂಬ ಗುಮ್ಮಟಗಳ ಸಾಲು. ಹೀಗಾಗಿ ಎಲ್ಲರಿಗೂ ಕೈತುಂಬ ಕೆಲಸ!

ಕಮಲಾಪುರದಿಂದ ಬಸ್ಸಿನಲ್ಲಿ ಬರುವ ಹೊಸ ಸದಸ್ಯೆಯೊಬ್ಬಳು ತನ್ನೂರಿನ ಕೆಂಪು ಬಾಳೆಹಣ್ಣು ತಂದು ಹಂಚಿದ್ದಳು. ಆಕೆಯ ಗುಮ್ಮಟ ಕೊಂಚ ಸೊಟ್ಟಗಿತ್ತು. "ಇದೇನವ್ವಾ, ಬೋರಲು ಹಾಕಿದ ಬೋಗುಣಿ ಹಂಗದ!" ಎಂದು ನಕ್ಕು, ಕೇಳದೆಯೇ ಕಿತ್ತು ಸರಿಮಾಡಿದವಳು ನಾನೇ. ಮುಂದಿನ ಎರಡು ಶನಿವಾರ ಆಕೆ ಬರಲಿಲ್ಲ.

ಕೊನೆಗೆ ಕಮಲಾಪುರಕ್ಕೇ ಹೋಗಿ ತಪ್ಪಾಯಿತೆಂದೆ. "ಮನ್ಯಾಗ ದಿನಾ ಎಲ್ಲಾರೂ ತಿದ್ದತಾರ್ರೀ, ಅಲ್ಲೂ ಅದೇ ಆದ್ರ ಯಾಕ ಬರಬೇಕು?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ನಮ್ಮಲ್ಲಿ ನಾಲ್ಕು ನಿಯಮ: ಕೇಳದೆ ಇನ್ನೊಬ್ಬರ ಕೆಲಸ ಮುಟ್ಟಬಾರದು; ತಪ್ಪಿದ್ದರೆ ನಗದೆ, ಪಕ್ಕಕ್ಕೆ ಕರೆದು ಹೇಳಬೇಕು; ಎರವಲು ಪಡೆದ ಕತ್ತರಿ ಅಂದೇ ಮರಳಿಸಬೇಕು; ಬಾರದವರ ಮನೆವಿಚಾರ ಆಡಬಾರದು.

ಮಸೀದಿ ಮುಗಿಯಿತು. ಆ ಗುಮ್ಮಟವನ್ನು ಆಕೆಯೇ ಮತ್ತೆ ಕೂರಿಸಿದಳು. ಈಗಲೂ ಚೂರು ಸೊಟ್ಟಗಿದೆ, ಯಾರೂ ಮುಟ್ಟಿಲ್ಲ.

ನಿಮ್ಮ ಮಂಡಳಿಯಲ್ಲಿ ಏನು ನಿಯಮ? ಬರೆದು ತಿಳಿಸಿ.