ಅಗ್ಗದ ಕಾರು ಎಂದರೆ ಕಡಿಮೆ ಬೆಲೆಯ ಕಾರಲ್ಲ

ಹೋದ ತಿಂಗಳು ಇಬ್ಬರು ಹುಡುಗರು ಫೋನ್ ಮಾಡಿದ್ದರು. ಒಬ್ಬ ಬೀಜದ ಕಂಪನಿಯಲ್ಲಿ ಫೀಲ್ಡ್ ಕೆಲಸ ಮಾಡುವವ, ಇನ್ನೊಬ್ಬ ಹೊಸದಾಗಿ ಸುದ್ದಿ ಕಳಿಸಲು ಶುರು ಮಾಡಿದವ. ಇಬ್ಬರದೂ ಒಂದೇ ಪ್ರಶ್ನೆ: "ಅಣ್ಣಾ, ಎರಡು ಲಕ್ಷದೊಳಗ ಕೆಲಸಕ್ಕ ಅಡ್ಡಾಡಾಕ ಯಾವ ಹಳೇ ಕಾರು ತಗೋಬೇಕು?" ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇವೆ. ಯಾಕೆಂದರೆ ಈ ವಿಷಯದಲ್ಲಿ ನಾವು ಪೆಟ್ಟು ತಿಂದವರು.

ನಾವು ಮೂವರು ಕೊಪ್ಪಳ ಜಿಲ್ಲೆಯಿಂದ ಸುದ್ದಿ ಕಳಿಸುವವರು. ತಲಾ 55 ಸಾವಿರ ಹಾಕಿ 12 ವರ್ಷ ಹಳೆಯ ಡೀಸೆಲ್ ಕಾರೊಂದನ್ನು ತಗೊಂಡೆವು. "ಡಾಕ್ಟರ್ ಓಡಿಸಿದ ಗಾಡಿ ರೀ, ಒಂದ್ ಗೀರು ಬಿದ್ದಿಲ್ಲ" ಅಂದ ಬ್ರೋಕರ್. ಬಣ್ಣ ಹೊಳೆಯುತ್ತಿತ್ತು. ನಾವೂ ಹೊಳೆದೆವು.

ನಮ್ಮ ಲೆಕ್ಕ ಹೀಗಿತ್ತು. ಮೂವರದೂ ಸೇರಿ ತಿಂಗಳಿಗೆ 1,500 ಕಿಲೋಮೀಟರ್ ಓಡಾಟ. ಪೆಟ್ರೋಲ್ ಲೀಟರ್‌ಗೆ 103 ರೂಪಾಯಿ, ಮೈಲೇಜ್ 18 ಅಂತ ಹಿಡಿದರೆ ತಿಂಗಳಿಗೆ ಸುಮಾರು 8,600 ರೂಪಾಯಿ. ಡೀಸೆಲ್ 91 ರೂಪಾಯಿ, ಮೈಲೇಜ್ 20 ಅಂತ ಹಿಡಿದರೆ ಸುಮಾರು 6,800. ವರ್ಷಕ್ಕೆ 21 ಸಾವಿರ ಉಳಿತಾಯ! ಚಹಾ ಅಂಗಡಿಯಲ್ಲಿ ಕೂತು ಹಾಕಿದ ಲೆಕ್ಕ, ಕೇಳಲು ಚೆಂದ.

ಮೊದಲ ವರ್ಷವೇ ಕ್ಲಚ್ ಹೋಯಿತು. ಆಮೇಲೆ ಇಂಜೆಕ್ಟರ್, ಅದರ ಹಿಂದೆ ಟರ್ಬೊ. ಒಟ್ಟು 62 ಸಾವಿರ ಸುರಿದೆವು. ಡೀಸೆಲ್‌ನಲ್ಲಿ ಉಳಿದದ್ದರ ಮೂರು ಪಟ್ಟು. ನಮ್ಮೂರ ಮಿಸ್ತ್ರಿ ನಕ್ಕು ಹೇಳಿದ: "ಅಣ್ಣಾರ, ಬಣ್ಣ ಹೊಸದೈತಿ, ಎಂಜಿನ್ ಮುದುಕ ಆಗೈತಿ. ತಗೋಳೂಕಿಂತ ಮೊದಲ ನನ್ನ ಒಂದ್ ಮಾತು ಕೇಳಬೇಕಿತ್ತು."

ದುಡ್ಡು ಹೋದದ್ದು ಸಣ್ಣ ನೋವು. ದೊಡ್ಡದು ಬೇರೆ ಇದೆ.

ಕಾರಿನ ಆರ್‌ಸಿ ನಮ್ಮ ಹೆಸರಿಗೆ ಆಗಿರಲಿಲ್ಲ. "ಆಮೇಲೆ ಮಾಡಿಸೋಣ ಬಿಡ್ರಿ" ಎಂದಿದ್ದ ಬ್ರೋಕರ್, ನಾವೂ ಬಿಟ್ಟೆವು. ಒಂದು ಸಂಜೆ ನಮ್ಮಲ್ಲೊಬ್ಬರು ಊರಿಗೆ ಮರಳುವಾಗ ಮೊಪೆಡ್ ಮೇಲಿದ್ದ ಹಿರಿಯ ರೈತರಿಗೆ ಕಾರು ತಾಗಿತು. ಕಾಲು ಮುರಿಯಿತು. ವಿಮೆ ತೆಗೆದು ನೋಡಿದರೆ ಮುಗಿದು ಎಂಟು ದಿನವಾಗಿತ್ತು. ವಿಮೆ ಮುಗಿಯುತ್ತದೆ ಎಂಬ ಮೆಸೇಜು ಹಳೇ ಮಾಲೀಕರ ಮೊಬೈಲ್‌ಗೆ ಹೋಗುತ್ತಿತ್ತು. ಅವರ ಮುಖವನ್ನೇ ನಾವು ನೋಡಿರಲಿಲ್ಲ.

ಆಸ್ಪತ್ರೆ ಖರ್ಚು ಕೈಯಿಂದ ಕೊಟ್ಟೆವು. ಆದರೆ ಆ ಹಿರಿಯರ ಆ ವರ್ಷದ ಬಿತ್ತನೆಯನ್ನು ಯಾರು ತುಂಬಿಕೊಡುವುದು? ಅಪಘಾತದ ಸುದ್ದಿ ಬರೆದು, ಕೊನೆಗೆ 'ನಿರ್ಲಕ್ಷ್ಯವೇ ಕಾರಣ' ಎಂದು ಸೇರಿಸುವವರು ನಾವು. ಈ ಸಲ ಆ ನಿರ್ಲಕ್ಷ್ಯ ನಮ್ಮದೇ ಆಗಿತ್ತು.

ಹಾಗಾಗಿ ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ: ಮೊದಲು ಕಾಗದ, ಆಮೇಲೆ ಎಂಜಿನ್, ಕೊನೆಗೆ ಬೆಲೆ. ಬಣ್ಣ ಲೆಕ್ಕಕ್ಕೇ ಬೇಡ.

ಕಾಗದದ ಮಾತು. ಫಾರ್ಮ್ 29 ಮತ್ತು 30ಕ್ಕೆ ಸಹಿ ಆಗದೆ ಪೂರ್ತಿ ಹಣ ಕೊಡಬೇಡಿ. ಕಾನೂನಿನ ಪ್ರಕಾರ ಕೊಂಡವರು 30 ದಿನದೊಳಗೆ ಆರ್‌ಟಿಒಗೆ ಅರ್ಜಿ ಹಾಕಬೇಕು. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೇಳಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲದಿದ್ದರೆ ನಿಮ್ಮ ಕಾರು ಜಜ್ಜಿಹೋದಾಗ ಪರಿಹಾರ ಸಿಗುವುದಿಲ್ಲ. ಬಾಕಿ ದಂಡ, ವಿಮೆಯ ಕೊನೆ ದಿನ ಎಲ್ಲವೂ ಎಂ-ಪರಿವಾಹನ್ ಆ್ಯಪ್‌ನಲ್ಲಿ ಕಾಣುತ್ತದೆ.

ಮಾರುವವರಿಗೂ ಒಂದು ಮಾತು. ಕಾರು ಎಷ್ಟು ಕೈ ಬದಲಾದರೂ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೀಲಿ ಕೊಟ್ಟ ಮಾತ್ರಕ್ಕೆ ಕೈ ತೊಳೆದುಕೊಂಡಂತೆ ಅಲ್ಲ.

ಹೊರರಾಜ್ಯದ ನಂಬರಿನ ಕಾರು ಅಗ್ಗಕ್ಕೆ ಸಿಗುತ್ತದೆ ಎಂದು ಓಡಬೇಡಿ. ಅದಕ್ಕೆ ಅಲ್ಲಿಯ ಎನ್‌ಒಸಿ ಬೇಕು, ನಮ್ಮ ರಾಜ್ಯದ ಜೀವಾವಧಿ ತೆರಿಗೆ ಕಟ್ಟಬೇಕು. ಅದನ್ನು ಕೂಡಿಸಿ ನೋಡಿದರೆ ಅಗ್ಗ ಉಳಿಯುವುದಿಲ್ಲ. 15 ವರ್ಷದ ಹತ್ತಿರ ಬಂದ ಕಾರೂ ಹಾಗೆಯೇ. ಆಗ ನೋಂದಣಿ ನವೀಕರಣ, ಫಿಟ್‌ನೆಸ್, ಹಸಿರು ತೆರಿಗೆ ಎಲ್ಲವೂ ನಿಮ್ಮ ತಲೆಗೇ.

ಇನ್ನು ಕಾರು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ, ನಿಮ್ಮೂರ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ. ಅವನಿಗೆ ಕೊಡುವ ಐನೂರು ರೂಪಾಯಿ ದಂಡವಲ್ಲ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಮೀಟರ್ 40 ಸಾವಿರ ತೋರಿಸುತ್ತಿದ್ದು ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ದರೆ ಮೀಟರನ್ನು ನಂಬಬೇಡಿ. ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ. ತುದಿಯಲ್ಲಿ ಮಣ್ಣಿನ ಗೆರೆ ಇದ್ದರೆ ಅದು ನೆರೆ ನೀರಲ್ಲಿ ನಿಂತ ಕಾರಿರಬಹುದು. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು.

ಯಾವ ಕಾರು ಎಂದರೆ, ಒಬ್ಬರೇ ಮಾಲೀಕರಿದ್ದ, ನಮ್ಮ ರಾಜ್ಯದ ನಂಬರಿನ, 7-8 ವರ್ಷದ ಸಣ್ಣ ಪೆಟ್ರೋಲ್ ಕಾರು. ಆಲ್ಟೊ, ವ್ಯಾಗನ್ ಆರ್ ಥರದ್ದು. ಬಿಡಿಭಾಗ ತಾಲೂಕಿನಲ್ಲೇ ಸಿಗುತ್ತದೆ, ಯಾವ ಮಿಸ್ತ್ರಿಯೂ ಬಿಚ್ಚಿ ಕೂಡಿಸುತ್ತಾನೆ. 1000 ಸಿಸಿ ಒಳಗಿದ್ದರೆ ಥರ್ಡ್ ಪಾರ್ಟಿ ವಿಮೆ 2022ರ ದರದಂತೆ ತೆರಿಗೆ ಬಿಟ್ಟು 2,094 ರೂಪಾಯಿ. 1000 ದಾಟಿ 1500ರವರೆಗೆ ಇದ್ದರೆ 3,416. ಸಿಎನ್‌ಜಿ ಕಾರಾದರೆ ಕಿಟ್ ಆರ್‌ಸಿಯಲ್ಲಿ ನಮೂದಾಗಿದೆಯೇ ನೋಡಿ, ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಬಂಕ್ ನಿಮ್ಮ ದಾರಿಯಲ್ಲೇ ಇದ್ದರೆ ಮಾತ್ರ ಲಾಭ. ಕೈಯಲ್ಲಿ ಎರಡು ಲಕ್ಷ ಇದ್ದರೆ ಒಂದೂವರೆಯ ಕಾರು ನೋಡಿ. ಉಳಿದದ್ದು ಮೊದಲ ವರ್ಷದ ಟೈರ್, ಬ್ಯಾಟರಿ, ವಿಮೆಗೆ.

ಕಂತು ಕಟ್ಟಲು ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಬಿಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ಕಾನೂನಿಗೆ ವಿರುದ್ಧ, ಏನಾದರೂ ಆದರೆ ವಿಮೆ ಕಂಪನಿಯೂ ಕೈ ಎತ್ತುತ್ತದೆ.

ಕೊನೆಗೆ, ನಿಜವಾಗಿ ಕಾರು ಬೇಕೇ? ದಿನಕ್ಕೆ 50 ಕಿಲೋಮೀಟರ್ ಒಳಗಿನ ಒಬ್ಬರ ಓಡಾಟಕ್ಕೆ ಬೈಕೇ ಸಾಕು. ಅದೇ 1,500 ಕಿಲೋಮೀಟರ್‌ಗೆ, ಮೈಲೇಜ್ 45 ಹಿಡಿದರೆ, 3,500 ರೂಪಾಯಿ ದಾಟುವುದಿಲ್ಲ. ಕೆಲಸ ಕೊಡುವವರನ್ನೂ ಒಂದು ಮಾತು ಕೇಳಿ: ಕಿಲೋಮೀಟರ್‌ಗೆ ಎಷ್ಟು ಕೊಡುತ್ತೀರಿ? ಸುದ್ದಿಗೆ ಇಷ್ಟು ಎಂದು ಕೊಡುವವರು ಪೆಟ್ರೋಲ್ ಲೆಕ್ಕ ಕೇಳಿದರೆ ಸುಮ್ಮನಾಗುತ್ತಾರೆ. ಅವರು ಸುಮ್ಮನಿರುವುದರಿಂದಲೇ ನಮ್ಮಂಥವರು ಅಗ್ಗದ ಕಾರು ಹುಡುಕಿಕೊಂಡು ಬ್ರೋಕರ್ ಬಾಗಿಲಿಗೆ ಹೋಗುತ್ತೇವೆ.

ನಮ್ಮ ಕಾರು ಈಗ ನಮ್ಮ ಹೆಸರಲ್ಲಿದೆ. ವಿಮೆಯ ಕೊನೆ ದಿನಾಂಕ ಮೂವರ ಫೋನಿನಲ್ಲೂ ಇದೆ. ಆ ಹಿರಿಯರು ಈಗಲೂ ಸ್ವಲ್ಪ ಕುಂಟುತ್ತಾರೆ. ಎದುರು ಸಿಕ್ಕಾಗ ಅವರೇ ಮೊದಲು ಮಾತಾಡಿಸುತ್ತಾರೆ. ನಮಗೇ ತಲೆ ಎತ್ತಲು ಆಗುವುದಿಲ್ಲ.