ಅಪ್ಪ-ಅಮ್ಮನೂ ಪೆನ್ನು ಹಿಡೀಲಿ

ಏಪ್ರಿಲ್ ಬಂತೆಂದರೆ ಬೇಸಿಗೆ ಶಿಬಿರಗಳ ಕರಪತ್ರಗಳು ಪೇಪರಿನ ಜೊತೆ ಮನೆಗೆ ಬಂದು ಬೀಳುತ್ತವೆ. ಚಿತ್ರಕಲೆ, ಕರಾಟೆ, ಅಬ್ಯಾಕಸ್, ಇತ್ತೀಚೆಗೆ ಕೋಡಿಂಗ್, ಕೊನೆಗೆ ಒಂದು ಮೂಲೆಯಲ್ಲಿ ‘ಸೃಜನಶೀಲ ಬರವಣಿಗೆ’. ಹತ್ತು ಗಂಟೆಗೆ ಅಪ್ಪ ಸ್ಕೂಟರಿನಲ್ಲಿ ತಂದು ಬಿಡ್ತಾರೆ, ಒಂದು ಗಂಟೆಗೆ ಅಮ್ಮ ಬಂದು ಕರ್ಕೊಂಡು ಹೋಗ್ತಾರೆ. ನಡುವಿನ ಮೂರು ಗಂಟೆಯಲ್ಲಿ ಮಗು ಸೃಜನಶೀಲ ಆಗಿಬಿಡಬೇಕು! ಶಿಬಿರ ನಡೆಸೋರ ಬಗ್ಗೆ ನಮಗೇನೂ ತಕರಾರಿಲ್ಲ. ತಕರಾರು ಇರೋದು ಆ ಸ್ಕೂಟರಿನ ಬಗ್ಗೆ. ಬಿಟ್ಟು ಹೋಗೋ ಬದಲು ಅಪ್ಪನೂ ಒಳಗೆ ಬಂದು, ಮಗುವಿನ ಪಕ್ಕ ಕೂತು, ನಾಲ್ಕು ಸಾಲು ಬರೆಯಬಾರದೇಕೆ?

‘ಬ್ಯಾಕ್‌ಲಾಗ್ ಕ್ಲಿಯರ್ ಮಾಡೋದೇ ಕಷ್ಟ, ನಮಗ್ಯಾಕ್ರೀ ಈ ಮಕ್ಕಳ ವಿಷಯ’ ಅನ್ನೋರಿಗೆ ಒಂದು ಇಂಜಿನಿಯರ್ ಮನೆಯ ಕಥೆ ಹೇಳ್ತೀವಿ.

ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್ಸನ್ ದೀಪಸ್ತಂಭಗಳನ್ನು ಕಟ್ಟಿದ ಇಂಜಿನಿಯರ್. ಹವಾಮಾನ ಕೇಂದ್ರಗಳಲ್ಲಿ ಥರ್ಮಾಮೀಟರ್ ಇಡೋಕೆ ಬಿಳಿ ಬಣ್ಣದ, ಪಟ್ಟಿ ಪಟ್ಟಿ ಬಾಗಿಲಿನ ಪೆಟ್ಟಿಗೆ ಇರುತ್ತಲ್ಲ, ‘ಸ್ಟೀವನ್ಸನ್ ಸ್ಕ್ರೀನ್’, ಅದು ಇವರದೇ ವಿನ್ಯಾಸ. ಮಗ ರಾಬರ್ಟ್ ಲೂಯಿಯೂ ಎಡಿನ್‌ಬರೋದಲ್ಲಿ ಇಂಜಿನಿಯರಿಂಗ್‌ಗೇ ಸೇರಿದ. ಆಮೇಲೆ ‘ನನಗಿದು ಬೇಡ, ನಾನು ಬರೀತೀನಿ’ ಅಂದ. ಮನೆತನದ ಕಸುಬು ಕೈಬಿಟ್ಟ ಮಗನ ಬಗ್ಗೆ ಅಪ್ಪನಿಗೆ ನೋವಿತ್ತು. ಮುಂದೆ 1881ರಲ್ಲಿ ಬ್ರೇಮರ್ ಎಂಬ ಊರಿನ ಬಾಡಿಗೆ ಮನೆಯಲ್ಲಿ ಇವರೆಲ್ಲ ರಜೆ ಕಳೀತಿದ್ದಾಗ ಹೊರಗೆ ಹಾಳು ಮಳೆ. ಲೂಯಿಯ ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್, ಶಾಲೆಗೆ ಹೋಗೋ ಹುಡುಗ, ಬಣ್ಣ ಹಚ್ಚುತ್ತಾ ಕೂತಿದ್ದ. ಲೂಯಿಯೂ ಅವನ ಜೊತೆ ಸೇರಿ ಒಂದು ದ್ವೀಪದ ನಕ್ಷೆ ಬರೆದ. ನಕ್ಷೆಯಿಂದ ಕಥೆ ಹುಟ್ಟಿತು. ಬೆಳಗ್ಗೆ ಬರೆದದ್ದನ್ನು ಮಧ್ಯಾಹ್ನ ಊಟವಾದ ಮೇಲೆ ಮನೆಯವರಿಗೆಲ್ಲ ಓದಿ ಹೇಳ್ತಿದ್ದ.

ಕೇಳಿ ಕೇಳಿ ಆ ಹಿರಿಯ ಇಂಜಿನಿಯರಿಗೂ ಹುಚ್ಚು ಹಿಡೀತು. ಕಥೆಯಲ್ಲಿ ಸತ್ತ ನಾವಿಕನೊಬ್ಬನ ಪೆಟ್ಟಿಗೆ ತೆರೆಯೋ ಘಟ್ಟ ಬಂದಾಗ, ಒಳಗೆ ಏನೇನಿರಬೇಕು ಅನ್ನೋ ಪಟ್ಟಿಯನ್ನು ಅವರೇ ಕೂತು ಒಂದು ಹಳೇ ಲಕೋಟೆಯ ಹಿಂಭಾಗದಲ್ಲಿ ಬರೆದುಕೊಟ್ಟರು. ಕಡಲ್ಗಳ್ಳ ಫ್ಲಿಂಟ್‌ನ ಹಡಗಿಗೆ ‘ವಾಲ್ರಸ್’ ಅಂತ ಹೆಸರಿಡಿಸಿದ್ದೂ ಅವರೇ. ಮಗ ಆ ಪಟ್ಟಿಯನ್ನು ಹಾಗೇ ಬಳಸಿಕೊಂಡ. 1883ರಲ್ಲಿ ಪುಸ್ತಕವಾಗಿ ಬಂದ ಆ ಕಥೆಯೇ ‘ಟ್ರೆಷರ್ ಐಲ್ಯಾಂಡ್’. ಕೆಲಸ ಬಿಟ್ಟ ಮಗ, ಬೇಸರವಿದ್ದ ಅಪ್ಪ, ಶಾಲೆ ಹುಡುಗ, ಮೂವರೂ ಒಂದೇ ಕಥೆಯೊಳಗೆ. ಬ್ರಾಂಚ್ ಬಗ್ಗೆ, ಪ್ಲೇಸ್‌ಮೆಂಟ್ ಬಗ್ಗೆ ಮನೇಲಿ ಜಗಳ ಆಡಿರೋರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗುತ್ತೆ.

ನಮ್ಮಲ್ಲಿ ಮಕ್ಕಳಿಗಾಗಿ ಬರೆದ ದೊಡ್ಡವರಿಗೆ ಕೊರತೆಯಿಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ಕುವೆಂಪು, ಎಲ್ಲರೂ ಬರೆದರು. ಆದರೆ ಮನೆಯಲ್ಲಿ ಮಕ್ಕಳ ಜೊತೆ ಕೂತು ಬರೆಯೋದು? ಮಗು ನೋಟ್‌ಬುಕ್ ತಂದು ತೋರಿಸಿದ ಕೂಡಲೇ ನಮ್ಮ ಅಪ್ಪ-ಅಮ್ಮಂದಿರು ಮೌಲ್ಯಮಾಪಕರಾಗಿಬಿಡ್ತಾರೆ. ‘ಅಕ್ಷರ ದುಂಡಗಿಲ್ಲ’, ‘ಒತ್ತಕ್ಷರ ಎಲ್ಲಿ?’, ‘ಆನೆ ಯಾವತ್ತಾದ್ರೂ ಬಸ್ ಹತ್ತುತ್ತಾ?’ ಆನೆ ಬಸ್ ಹತ್ತಿದ್ದೇ ಕಥೆ! ಟಿಕೆಟ್ ಅರ್ಧವೋ ಪೂರ್ತಿಯೋ ಅಂತ ಕೇಳಿದ್ದರೆ ಕಥೆ ಮುಂದೆ ಹೋಗ್ತಿತ್ತು. ಇನ್ನು ಶಾಲೆಯ ಪ್ರಬಂಧ ಬೇರೆ ಇದೆ. ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ. ಹನ್ನೆರಡು ವರ್ಷ ಅದನ್ನೇ ಬರೆದು ಬಂದ ನಾವು ಈಗ ಲ್ಯಾಬ್ ರೆಕಾರ್ಡಿನ ಕೊನೇ ಪ್ಯಾರಾವನ್ನೂ ಪಕ್ಕದವರದ್ದು ನೋಡಿ ಬರೀತೀವಿ.

ಹೇಗೆ ಶುರು ಮಾಡೋದು ಅನ್ನೋರಿಗೆ ಇಟಲಿಯ ಮಕ್ಕಳ ಸಾಹಿತಿ ಜಾನಿ ರೊದಾರಿ ಒಂದು ಉಪಾಯ ಹೇಳಿದ್ದಾರೆ. ಕಲ್ಪನೆಗೂ ಒಂದು ವ್ಯಾಕರಣ ಇದೆ ಅಂತ 1973ರಲ್ಲಿ ಪುಸ್ತಕವನ್ನೇ ಬರೆದವರು. ಇಬ್ಬರು ಒಬ್ಬರಿಗೊಬ್ಬರು ಕಾಣದ ಹಾಗೆ ಒಂದೊಂದು ಪದ ಬರೆಯಬೇಕು. ಆ ಎರಡು ಪದಗಳನ್ನು ಬೇರೆ ಬೇರೆ ರೀತಿ ಗಂಟು ಹಾಕ್ತಾ ಹೋದರೆ ಕಥೆ ಸಿಗುತ್ತೆ. ಈ ಆಟ ಕನ್ನಡಕ್ಕೆ ಹೇಳಿ ಮಾಡಿಸಿದ ಹಾಗಿದೆ ಅನ್ನೋದು ನಮ್ಮ ಅಭಿಪ್ರಾಯ, ಯಾಕಂದ್ರೆ ನಮ್ಮಲ್ಲಿ ವಿಭಕ್ತಿ ಪ್ರತ್ಯಯಗಳಿವೆ. ಅಮ್ಮ ‘ಇಡ್ಲಿ’ ಅಂತ ಬರೆದರು, ತಮ್ಮ ‘ಟ್ರಾನ್ಸ್‌ಫಾರ್ಮರ್’ ಅಂತ ಬರೆದ ಅಂದ್ಕೊಳ್ಳಿ. ಇಡ್ಲಿಯಿಂದ ಓಡುವ ಟ್ರಾನ್ಸ್‌ಫಾರ್ಮರ್, ಇಡ್ಲಿಗೆ ಹೆದರುವ ಟ್ರಾನ್ಸ್‌ಫಾರ್ಮರ್, ಟ್ರಾನ್ಸ್‌ಫಾರ್ಮರಿನಲ್ಲಿ ಬೆಂದ ಇಡ್ಲಿ. ಹೈಸ್ಕೂಲಿನಲ್ಲಿ ಉರು ಹೊಡೆದ ‘ಉ, ಅನ್ನು, ಇಂದ’ ಕಡೆಗೂ ಒಂದು ಉಪಯೋಗಕ್ಕೆ ಬಂತು.

ಅಥವಾ ಗೊತ್ತಿರೋ ಕಥೆಯನ್ನೇ ತಿರುಗಿಸಿ. ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿ ಮಳೆಗೆ ಕಾಗಕ್ಕನ ಸಗಣಿ ಮನೆ ಕರಗಿ ಹೋಗುತ್ತೆ. ಅದನ್ನು ಕಾಗಕ್ಕನ ಬಾಯಲ್ಲಿ ಹೇಳಿಸಿ. ಸಿವಿಲ್ ಬ್ರಾಂಚಿನೋರು ಬೇಕಿದ್ದರೆ ತಾಂತ್ರಿಕ ಸಲಹೆ ಕೊಡಬಹುದು.

‘ನಮ್ಮನೆ ಮಗು ಇಂಗ್ಲಿಷ್ ಮೀಡಿಯಂ, ಕನ್ನಡ ಬರೆಯೋಕೆ ಬರಲ್ಲ’ ಅನ್ನೋ ಮಾತು ಈಗ ಎಲ್ಲಾ ಕಡೆ ಕೇಳುತ್ತೆ. ಕ್ಯಾಂಪಸ್ಸಿನಲ್ಲೇ ಕನ್ನಡ ಸರಾಗ ಮಾತಾಡಿ, ಬರೆಯೋಕೆ ಪೆನ್ನು ಕೊಟ್ಟರೆ ಹಿಂಜರಿಯೋ ಗೆಳೆಯರು ಎಷ್ಟೋ ಜನ ಇದ್ದಾರೆ. ಮಗು ಹೇಳಲಿ, ಅಪ್ಪ ಬರೀಲಿ. ಅಜ್ಜಿಗೆ ಓದು ಬರದಿದ್ದರೆ ಅಜ್ಜಿ ಒಗಟು ಹೇಳಲಿ, ಮೊಮ್ಮಗಳು ಬರೀಲಿ. ಮಧ್ಯೆ ಇಂಗ್ಲಿಷ್ ಪದ ಬಂದ್ರೆ ಬರಲಿ ಬಿಡಿ. ತಾನು ಹೇಳಿದ ಮಾತು ಅಪ್ಪನ ಕೈಯಲ್ಲಿ ಕನ್ನಡ ಅಕ್ಷರ ಆಗೋದನ್ನು ನೋಡಿದ ಮಗು ಆ ಅಕ್ಷರ ಕಲಿಯೋಕೆ ತಾನೇ ಕೇಳುತ್ತೆ ಅಂತ ನಾವು ನಂಬಿದ್ದೀವಿ. ಎಐಗೆ ಹೇಳಿದ್ರೆ ಎರಡು ನಿಮಿಷದಲ್ಲಿ ಕಥೆ ಬರುತ್ತೆ, ನಿಜ. ಅಪ್ಪ ಪಕ್ಕದಲ್ಲಿ ಕೂತಿರಲ್ಲ ಅಷ್ಟೇ.

ಇನ್ನು ನಾವು. ವಯಸ್ಸು ಇಪ್ಪತ್ತಾದರೂ ಮನೆಗೆ ನಾವೂ ಮಕ್ಕಳೇ. ಹಾಸ್ಟೆಲಿನಿಂದ ಮಾಡೋ ಫೋನಿನಲ್ಲಿ ಇರೋದು ಊಟ ಆಯ್ತಾ, ದುಡ್ಡು ಬೇಕಾ, ಇಂಟರ್ನಲ್ಸ್ ಹೇಗಾಯ್ತು, ಇಷ್ಟೇ. ಈ ಸೆಮಿಸ್ಟರ್ ರಜೆಯಲ್ಲಿ ಅಪ್ಪನ ಜೊತೆಗೋ ಅಮ್ಮನ ಜೊತೆಗೋ ಒಂದು ಪುಟ ಬರೀರಿ. ತಂಗಿ ತಮ್ಮಂದಿರೋ ಅಕ್ಕನ ಮಗುವೋ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ಬರೆದದ್ದನ್ನು ಫೋಟೋ ತೆಗೆದು ನಮಗೆ ಕಳಿಸಿ. ಕೈಬರಹದಲ್ಲೇ ಹಾಕ್ತೀವಿ, ಕಾಗುಣಿತ ತಿದ್ದೋದಿಲ್ಲ, ಬಹುಮಾನ ಖಂಡಿತ ಇಲ್ಲ. ಹೆಸರಿನ ಜಾಗದಲ್ಲಿ ಮಾತ್ರ ಎರಡು ಹೆಸರು ಇರಲೇಬೇಕು.